ಆ 64 ಪ್ರಶ್ನೆಗಳಿಗೆ ‘ಹೌದು’ ಅಂತ ಟಿಕ್ ಹಾಕುವ ಮೊದಲು

ದಾವಣಗೆರೆಯ ವಿದ್ಯಾನಗರದಿಂದ ಒಬ್ಬ ಓದುಗರು ಬರೆದಿದ್ದಾರೆ. ಪತ್ರ ಉದ್ದ ಇತ್ತು, ಸ್ವಲ್ಪ ಕತ್ತರಿಸಿದ್ದೇನೆ.

“ನಮಸ್ಕಾರ ಮೇಡಂ. ನಮ್ಮದು ಒಂಬತ್ತು ಜನರ ಸಣ್ಣ ಸಾಫ್ಟ್‌ವೇರ್ ಕಂಪನಿ. ನೆದರ್‌ಲ್ಯಾಂಡ್ಸ್‌ನ ಒಂದು ನೇಮಕಾತಿ ಏಜೆನ್ಸಿಗೆ ರೆಸ್ಯೂಮೆ ಓದಿ, ಅಂಕ ಕೊಟ್ಟು, ಸಾಲಾಗಿ ಜೋಡಿಸುವ ಸಾಫ್ಟ್‌ವೇರ್ ಮಾಡಿಕೊಟ್ಟಿದ್ದೇವೆ. ಇನ್ನೊಂದು, ಇಲ್ಲೇ ನಮ್ಮ ಕಡೆಯ ಒಂದು ಪತ್ತಿನ ಸಹಕಾರ ಸಂಘಕ್ಕೆ ಕನ್ನಡದ ಚಾಟ್‌ಬಾಟ್. ಎರಡರ ಒಳಗೂ ಇರುವುದು ದೊಡ್ಡ ಕಂಪನಿಯೊಂದರ ಎಐ ಮಾಡೆಲ್, ನಾವು ಎಪಿಐ (ಎರಡು ಸಾಫ್ಟ್‌ವೇರ್‌ಗಳನ್ನು ಜೋಡಿಸುವ ಕೊಂಡಿ) ಮೂಲಕ ಬಳಸುತ್ತೇವೆ. ಹೋದ ತಿಂಗಳು ನೆದರ್‌ಲ್ಯಾಂಡ್ಸ್‌ನವರು 64 ಪ್ರಶ್ನೆಗಳ ಎಕ್ಸೆಲ್ ಶೀಟ್ ಕಳಿಸಿದ್ದಾರೆ. ನಿಮ್ಮ ಎಐ ಪಾರದರ್ಶಕವಾಗಿದೆಯಾ, ಆಡಿಟ್ ಆಗಿದೆಯಾ, ಲಾಗ್ ಇಟ್ಟಿದ್ದೀರಾ ಅಂತೆಲ್ಲ. ಬೆಂಗಳೂರಿನ ಒಬ್ಬ ಕನ್ಸಲ್ಟೆಂಟ್ ನಾಲ್ಕು ಲಕ್ಷ ಕೊಟ್ಟರೆ ಒಂದೇ ವಾರದಲ್ಲಿ ‘ಯುರೋಪ್ ಎಐ ಸರ್ಟಿಫಿಕೇಟ್’ ಮಾಡಿಸಿಕೊಡ್ತೀನಿ ಅಂದಿದ್ದಾರೆ. ನನ್ನ ಪಾಲುದಾರ ಎಲ್ಲದಕ್ಕೂ ಹೌದು ಅಂತ ಟಿಕ್ ಹಾಕಿ ಕಳಿಸೋಣ ಅಂತಾನೆ. ದಾವಣಗೆರೆಯಲ್ಲಿ ಕೂತ ನಮಗೆ ಯುರೋಪಿನ ಕಾನೂನು ತಟ್ಟುತ್ತದಾ? ಆಡಿಟ್ ಅಂದರೆ ಸೋರ್ಸ್ ಕೋಡ್ ಕೊಡಬೇಕಾ? ಕೊಟ್ಟರೆ ನಮ್ಮ ಹತ್ತಿರ ಉಳಿಯೋದೇನು? ನಿಜ ಹೇಳಬೇಕೆಂದರೆ, ಅದು ಒಬ್ಬರಿಗೆ 71, ಇನ್ನೊಬ್ಬರಿಗೆ 58 ಯಾಕೆ ಕೊಡುತ್ತದೆ ಅಂತ ನಮಗೇ ಪೂರ್ತಿ ಗೊತ್ತಿಲ್ಲ.”

ನಿಮ್ಮ ಪತ್ರದಲ್ಲಿ ನನಗೆ ಮುಖ್ಯ ಅನ್ನಿಸಿದ್ದು ಕೊನೆಯ ವಾಕ್ಯ. ಕಾನೂನು, ಸರ್ಟಿಫಿಕೇಟ್, ಸೋರ್ಸ್ ಕೋಡ್ ಎಲ್ಲ ಆಮೇಲಿನ ಮಾತು. ಯಾರೋ ಬಂದು ಪೆಟ್ಟಿಗೆ ತೆಗೆಯಿರಿ ಅಂದರೆ, ಒಳಗಿರುವುದು ನಮಗೇ ಅರ್ಥವಾಗದಿದ್ದರೆ ಏನು ಗತಿ ಅನ್ನುವ ಭಯ ಅದು. ನಾಚಿಕೆ ಪಡಬೇಡಿ. ನಾನು ಆಡಿಟ್‌ಗೆ ಹೋದ ಕಡೆಯೆಲ್ಲ ಯಾರಾದರೂ ಒಬ್ಬ ಇಂಜಿನಿಯರ್ ಟೀ ಕುಡಿಯುವ ಹೊತ್ತಿನಲ್ಲಿ ಮೆಲ್ಲಗೆ ಇದನ್ನೇ ಹೇಳಿದ್ದಾರೆ. ಮೀಟಿಂಗ್‌ನಲ್ಲಿ ಮಾತ್ರ ಯಾರೂ ಹೇಳುವುದಿಲ್ಲ.

ನಾನು ಚಿತ್ರದುರ್ಗದವಳು. ಅಪ್ಪ ದಾವಣಗೆರೆಯ ಒಂದು ದಲಾಲಿ ಅಂಗಡಿಯಲ್ಲಿ ಗುಮಾಸ್ತರಾಗಿದ್ದರು. ರಾತ್ರಿ ಕಿರ್ದಿಗೂ (ದಿನದ ವ್ಯವಹಾರ ಬರೆಯುವ ಪುಸ್ತಕ) ಖಾತೆಗೂ ತಾಳೆ ನೋಡದೆ ಎದ್ದು ಬರುತ್ತಿರಲಿಲ್ಲ. ಎಂಟಾಣೆ ವ್ಯತ್ಯಾಸ ಬಂದರೂ ದುರ್ಗದ ಕೊನೇ ಬಸ್ ತಪ್ಪುತ್ತಿತ್ತು. ನಾನು ಬ್ಯಾಂಕ್ ಸಾಫ್ಟ್‌ವೇರ್ ಆಡಿಟ್‌ನಲ್ಲಿ ವರ್ಷಗಟ್ಟಲೆ ಇದ್ದು ಈಗ ಎಐ ನೋಡುತ್ತಿದ್ದೇನೆ, ಕೆಲಸ ಮಾತ್ರ ಅಪ್ಪನದೇ. ನೀವು ಹೊರಗಿನವರಿಗೆ ಏನು ಹೇಳಿದ್ದೀರೋ ಅದು ಖಾತೆ. ನಿಮ್ಮ ಯಂತ್ರ ದಿನಾ ಏನು ಮಾಡಿತೋ ಅದರ ಲಾಗ್ ಕಿರ್ದಿ. ಎರಡೂ ತಾಳೆಯಾಗುತ್ತವಾ? ಪಾರದರ್ಶಕತೆಯ ಆಡಿಟ್ ಅಂದರೆ ಹೆಚ್ಚುಕಡಿಮೆ ಇಷ್ಟೇ. ನಿಮ್ಮ ಮಾಡೆಲ್ ಒಳಗಿನ ಕೋಟ್ಯಂತರ ಅಂಕಿಗಳನ್ನು ಯಾರೂ ಓದುವುದಿಲ್ಲ, ಓದಿದರೂ ಅರ್ಥವಾಗುವುದಿಲ್ಲ.

ಈಗ ಕಾನೂನು. ತಟ್ಟುತ್ತದೆ. ಯುರೋಪಿನ ಎಐ ಕಾಯ್ದೆ 2024ರ ಆಗಸ್ಟ್ 1ರಂದು ಜಾರಿಗೆ ಬಂತು, ಅದರ ಕಟ್ಟಳೆಗಳು ಹಂತಹಂತವಾಗಿ ಅನ್ವಯಿಸುತ್ತಾ ಬರುತ್ತಿವೆ. ಕಂಪನಿ ಎಲ್ಲಿದೆ ಅನ್ನುವುದನ್ನು ಅದು ನೋಡುವುದಿಲ್ಲ. ಸಾಫ್ಟ್‌ವೇರ್ ಅಲ್ಲಿನ ಮಾರುಕಟ್ಟೆಗೆ ಹೋಗುತ್ತದಾ, ಅದು ಕೊಡುವ ಫಲಿತಾಂಶ ಅಲ್ಲಿ ಬಳಕೆಯಾಗುತ್ತದಾ, ಇಷ್ಟು ನೋಡುತ್ತದೆ. ಕೆಲಸದ ಅರ್ಜಿಗಳನ್ನು ಸೋಸುವ, ಅಭ್ಯರ್ಥಿಗಳನ್ನು ಅಳೆಯುವ ಎಐ ಅನ್ನು ಆ ಕಾಯ್ದೆ ‘ಹೆಚ್ಚು ಅಪಾಯದ’ ಪಟ್ಟಿಯಲ್ಲೇ ಹಾಕಿದೆ. ನಿಮ್ಮದು ನೇರವಾಗಿ ಅದೇ. ಅಂಥ ಸಾಫ್ಟ್‌ವೇರ್‌ನ ಹೊಣೆಗಳು 2026ರ ಆಗಸ್ಟ್ 2ರಿಂದ ಅಂತ ಮೂಲ ಕಾಯ್ದೆಯಲ್ಲಿದೆ. ಅದನ್ನು ಮುಂದೂಡುವ ಪ್ರಸ್ತಾವವನ್ನು ಯುರೋಪಿಯನ್ ಕಮಿಷನ್ 2025ರ ನವೆಂಬರ್‌ನಲ್ಲಿ ಮುಂದಿಟ್ಟಿತು, ಹಾಗಾಗಿ ನಿಮಗೆ ಅನ್ವಯಿಸುವ ದಿನಾಂಕವನ್ನು ಕ್ಲೈಂಟ್‌ನ ವಕೀಲರಿಂದ ಬರವಣಿಗೆಯಲ್ಲೇ ತೆಗೆದುಕೊಳ್ಳಿ. ದಿನಾಂಕ ಮುಂದೆ ಹೋದರೂ ಆ 64 ಪ್ರಶ್ನೆಗಳು ಮುಂದೆ ಹೋಗುವುದಿಲ್ಲ ನೋಡಿ.

ಯಾಕೆ ಹೋಗುವುದಿಲ್ಲ ಅಂದರೆ, ಡಚ್ಚರಿಗೆ ಈ ವಿಷಯದಲ್ಲಿ ಒಮ್ಮೆ ಕೈ ಸುಟ್ಟಿದೆ. ಜನರ ಮಾಹಿತಿ ಜೋಡಿಸಿ ಯಾರು ಸರ್ಕಾರಿ ನೆರವಿನಲ್ಲಿ ಮೋಸ ಮಾಡಬಹುದು ಅಂತ ಊಹಿಸುವ ‘ಸಿರಿ’ ಅನ್ನುವ ವ್ಯವಸ್ಥೆ ಅಲ್ಲಿತ್ತು. ಹೆಸರು ಕೇಳಿ ಫೋನಿನ ಸಿರಿ ಅಂದ್ಕೋಬೇಡಿ, ಇದು ಬೇರೆ. ಹೇಗೆ ಕೆಲಸ ಮಾಡುತ್ತದೆ ಅಂತ ಪರೀಕ್ಷಿಸುವುದಕ್ಕೇ ಆಗದಷ್ಟು ಅದು ಮುಚ್ಚಿಕೊಂಡಿದೆ ಅಂತ 2020ರ ಫೆಬ್ರವರಿಯಲ್ಲಿ ಹೇಗ್‌ನ ನ್ಯಾಯಾಲಯ ಅದನ್ನು ನಿಲ್ಲಿಸಿತು. ಅದರ ಬೆನ್ನಲ್ಲೇ ಮಕ್ಕಳ ಪಾಲನೆಯ ಭತ್ಯೆಯ ಹಗರಣ. ಸಾವಿರಾರು ಪೋಷಕರನ್ನು ತೆರಿಗೆ ಇಲಾಖೆ ಸುಮ್ಮಸುಮ್ನೆ ಮೋಸಗಾರರು ಅಂತ ಹಿಡಿದು ಹಣ ವಾಪಸ್ ಕೇಳಿತ್ತು. ಅಪಾಯದ ಅಂಕ ಕೊಡುವ ಮಾಡೆಲ್ ಡಚ್ ಪೌರತ್ವ ಇದೆಯೋ ಇಲ್ಲವೋ ಅನ್ನುವುದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುತ್ತಿತ್ತು. 2021ರ ಜನವರಿಯಲ್ಲಿ ಇಡೀ ಮಂತ್ರಿಮಂಡಲ ರಾಜೀನಾಮೆ ಕೊಟ್ಟಿತು. ನಿಮ್ಮ ಕ್ಲೈಂಟ್ ಸುಮ್ನೆ ಕಿರಿಕಿರಿ ಮಾಡುತ್ತಿದ್ದಾರೆ ಅನ್ನಿಸಿದಾಗ ಇದನ್ನು ನೆನಪಿಸಿಕೊಳ್ಳಿ.

ಇಷ್ಟಾದರೂ ಹೊಣೆ ಪೂರ್ತಿ ನಿಮ್ಮದಾಗಬೇಕಿಲ್ಲ. ಕಾಯ್ದೆಯಲ್ಲಿ ‘ಪ್ರೊವೈಡರ್’ ಅಂತ ಒಬ್ಬರು, ‘ಡಿಪ್ಲಾಯರ್’ ಅಂತ ಒಬ್ಬರು. ತನ್ನ ಹೆಸರಲ್ಲಿ ಮಾರುಕಟ್ಟೆಗೆ ಬಿಡುವವರು ಮೊದಲನೆಯವರು, ತೆಗೆದುಕೊಂಡು ಬಳಸುವವರು ಎರಡನೆಯವರು. ಸ್ಕ್ರೀನ್ ಮೇಲೆ ನಿಮ್ಮ ಹೆಸರು, ಲೋಗೊ ಇದ್ದರೆ ನೀವೇ ಪ್ರೊವೈಡರ್. ಆಗ ತಾಂತ್ರಿಕ ದಾಖಲೆ, ಅದನ್ನು ಹತ್ತು ವರ್ಷ ಇಡುವುದು, ಯುರೋಪಿನಲ್ಲೇ ಒಬ್ಬ ಅಧಿಕೃತ ಪ್ರತಿನಿಧಿಯನ್ನು ನೇಮಿಸುವುದು, ಎಲ್ಲ ನಿಮ್ಮ ತಲೆ ಮೇಲೆ. ಕ್ಲೈಂಟ್ ತನ್ನ ಹೆಸರಲ್ಲಿ ಬಳಸಿದರೆ ಪ್ರೊವೈಡರ್ ಅವರಾಗುತ್ತಾರೆ, ನೀವು ಅವರಿಗೆ ಬೇಕಾದ ಮಾಹಿತಿ ಕೊಡುವ ಪೂರೈಕೆದಾರರು. ಒಂಬತ್ತು ಜನರ ಕಂಪನಿಗೆ ಈ ಎರಡರ ಮಧ್ಯೆ ಆಕಾಶ-ಭೂಮಿಯಷ್ಟು ವ್ಯತ್ಯಾಸ ಇದೆ. ನಿಮ್ಮ ಕರಾರಿನಲ್ಲಿ ಇದು ಏನಿದೆ ಅಂತ ಪತ್ರದಲ್ಲಿ ಬರೆದಿಲ್ಲ. ಇವತ್ತೇ ತೆಗೆದು ನೋಡಿ.

ಸೋರ್ಸ್ ಕೋಡ್ ಭಯ ಎಲ್ಲರಿಗೂ ಇರುತ್ತದೆ, ಆದರೆ ಅಷ್ಟು ಹೆದರಬೇಕಿಲ್ಲ. ಯುರೋಪಿನ ನ್ಯಾಯಾಲಯ 2025ರ ಫೆಬ್ರವರಿ 27ರಂದು ಕೊಟ್ಟ ಒಂದು ತೀರ್ಪು ಇಲ್ಲಿ ಉಪಯೋಗಕ್ಕೆ ಬರುತ್ತದೆ. ಆಸ್ಟ್ರಿಯಾದಲ್ಲಿ ಒಬ್ಬ ಮಹಿಳೆಗೆ ಮೊಬೈಲ್ ಕಂಪನಿ ಕರಾರು ನಿರಾಕರಿಸಿತು. ಕಾರಣ, ಯಂತ್ರ ಕೊಟ್ಟ ಸಾಲದ ಅಂಕ, ಅಂದರೆ ಈಕೆ ಹಣ ಕಟ್ಟುತ್ತಾರಾ ಅನ್ನುವ ಅಂದಾಜು. ತಿಂಗಳಿಗೆ 10 ಯೂರೊ ಕರಾರು ಅಷ್ಟೇ. ಅಂಕ ಹೇಗೆ ಬಂತು ಹೇಳಿ ಅಂತ ಆಕೆ ಹಟ ಹಿಡಿದರು. ನ್ಯಾಯಾಲಯ ಹೇಳಿದ್ದು: ಆಕೆಯ ಯಾವ ಮಾಹಿತಿಯನ್ನು ಹೇಗೆ ಬಳಸಿ ಈ ಫಲಿತಾಂಶಕ್ಕೆ ಬಂದಿರಿ ಅನ್ನುವುದನ್ನು ಅರ್ಥವಾಗುವ ಹಾಗೆ ಹೇಳಬೇಕು, ಒಂದು ದೊಡ್ಡ ಗಣಿತದ ಸೂತ್ರ ಮುಂದಿಟ್ಟರೆ ಅದು ವಿವರಣೆ ಅನ್ನಿಸಿಕೊಳ್ಳುವುದಿಲ್ಲ. ವ್ಯಾಪಾರದ ಗುಟ್ಟು ಅನ್ನುವುದಿದ್ದರೆ ಅದನ್ನು ಅಧಿಕಾರಿಗಳ ಅಥವಾ ನ್ಯಾಯಾಲಯದ ಮುಂದಿಡಿ, ಎಷ್ಟು ತೋರಿಸಬೇಕು ಅಂತ ಅವರು ತೂಗಿ ಹೇಳುತ್ತಾರೆ. ಅಂದರೆ ನಿಮ್ಮ ಕೋಡ್ ತಂದು ಕೊಟ್ಟರೂ ನೀವು ಪಾಸಾಗುವುದಿಲ್ಲ! ಬೇಕಾಗಿರುವುದು 58 ಯಾಕೆ ಬಂತು ಅನ್ನುವುದು, ಸಾಮಾನ್ಯ ಮನುಷ್ಯನ ಭಾಷೆಯಲ್ಲಿ. ಅದೇ ನಿಮ್ಮ ಹತ್ತಿರ ಇಲ್ಲ.

ಇಲ್ಲಿ ಒಂದು ಬಲೆ ಇದೆ, ಬಹಳ ಜನ ಬೀಳುತ್ತಾರೆ. ಮಾಡೆಲ್‌ಗೇ “ಇವರಿಗೆ ಯಾಕೆ ಕಡಿಮೆ ಅಂಕ ಕೊಟ್ಟೆ, ಎರಡು ಸಾಲಿನಲ್ಲಿ ಬರೆ” ಅಂತ ಕೇಳಿ, ಅದು ಬರೆದದ್ದನ್ನು ಕಾರಣ ಅಂತ ಸ್ಕ್ರೀನ್ ಮೇಲೆ ಹಾಕುವುದು. ನೀವೂ ಹಾಗೆ ಮಾಡಿರಬಹುದು ಅಂತ ನನ್ನ ಅನುಮಾನ. ಅದು ಚೆಂದವಾಗಿಯೇ ಬರೆಯುತ್ತದೆ. ಆದರೆ ಅದು ಬರೆಯುವುದು ಕಾರಣದ ಹಾಗೆ ಕೇಳಿಸುವ ಎರಡು ಸಾಲು. ಅಂಕ ನಿಜವಾಗಿ ಅದರಿಂದಲೇ ಬಂತು ಅನ್ನುವುದಕ್ಕೆ ಯಾವ ಗ್ಯಾರಂಟಿಯೂ ಇಲ್ಲ.

ಕೆಲವು ವರ್ಷಗಳ ಹಿಂದೆ ಒಂದು ಸಾಲದ ಕಂಪನಿಯ ಆಡಿಟ್‌ಗೆ ಹೋಗಿದ್ದೆ, ಹೆಸರು ಬೇಡ. ಸಾಲ ಸಿಗದವರ ಫೋನಿಗೆ “ನಿಮ್ಮ ಆದಾಯ ಸಾಕಾಗುವುದಿಲ್ಲ” ಅಂತ ಮೆಸೇಜ್ ಹೋಗುತ್ತಿತ್ತು. ನಾನು 30 ಅರ್ಜಿ ತೆಗೆದು, ಆದಾಯ ದುಪ್ಪಟ್ಟು ಮಾಡಿ ಮತ್ತೆ ಓಡಿಸಿದೆ. ಅಂಕ ಅಲ್ಲಾಡಲಿಲ್ಲ. ಆದಾಯ ಮೊದಲಿದ್ದಷ್ಟೇ ಇಟ್ಟು ಪಿನ್ ಕೋಡ್ ಬದಲಿಸಿದೆ, ಅಂಕ ಜಿಗಿಯಿತು. ಯಾರೂ ಸುಳ್ಳು ಹೇಳಬೇಕು ಅಂತ ಕೂತಿರಲಿಲ್ಲ. ಆ ಮೆಸೇಜುಗಳನ್ನು ಹಳೆಯ ಸಾಫ್ಟ್‌ವೇರ್ ಕಾಲದಲ್ಲಿ ಬರೆದಿದ್ದರು, ಆಗ ಅವು ನಿಜವೇ ಆಗಿದ್ದವು. ನಡುವೆ ಮಾಡೆಲ್ ಬದಲಾಯಿತು, ಮೆಸೇಜ್ ಬದಲಿಸುವುದು ಯಾರ ಕೆಲಸ ಅಂತ ಯಾರೂ ಬರೆದಿಟ್ಟಿರಲಿಲ್ಲ. ಆ ಮೆಸೇಜ್ ನಂಬಿ ಎಷ್ಟು ಜನ ಸಂಬಳದ ಚೀಟಿ ಹಿಡಿದು ಮತ್ತೆ ಮತ್ತೆ ಅರ್ಜಿ ಹಾಕಿರಬೇಕು ಅಂತ ನನಗೆ ಆ ರಾತ್ರಿ ನಿದ್ದೆ ಬರಲಿಲ್ಲ.

ನೀವೂ ಇದನ್ನೇ ಮಾಡಿ ನೋಡಿ, ನಾಲ್ಕು ಲಕ್ಷ ಬೇಡ. ಹಳೆಯ ಲಾಗ್‌ನಿಂದ 30 ರೆಸ್ಯೂಮೆ ತೆಗೆಯಿರಿ. ಆರಿಸಿಕೊಳ್ಳಬೇಡಿ, ಚೀಟಿ ಎತ್ತಿದ ಹಾಗೆ ತೆಗೆಯಿರಿ. ಮೊದಲು ಹಾಗೇ ಓಡಿಸಿ: ಅವತ್ತು ಬಂದ ಅಂಕವೇ ಇವತ್ತೂ ಬರುತ್ತದಾ? ಬಹುಶಃ ಬರುವುದಿಲ್ಲ. ಒಳಗಿನ ಮಾಡೆಲ್ ಬೇರೆಯವರದು, ಅವರು ವರ್ಷನ್ ಬದಲಿಸಿರುತ್ತಾರೆ. ನಿಮ್ಮ ಹುಡುಗರೂ ಪ್ರಾಂಪ್ಟ್ (ಮಾಡೆಲ್‌ಗೆ ಬರೆದು ಕೊಡುವ ಸೂಚನೆ) ತಿದ್ದಿರುತ್ತಾರೆ, ಯಾವಾಗ ಅಂತ ಬರೆದಿಟ್ಟಿರುವುದಿಲ್ಲ. ಮಾಡೆಲ್‌ನ ವರ್ಷನ್ ನಿಗದಿ ಮಾಡಿ, ಪ್ರಾಂಪ್ಟ್‌ಗೂ ನಂಬರ್ ಕೊಡಿ, ಟೆಂಪರೇಚರ್ (ಉತ್ತರ ಪ್ರತಿ ಸಲ ಎಷ್ಟು ಬದಲಾಗಬಹುದು ಅನ್ನುವುದನ್ನು ಹಿಡಿತದಲ್ಲಿಡುವ ಅಂಕಿ) ಮುಂತಾದ ಸೆಟ್ಟಿಂಗ್ ಉಳಿಸಿ, ಪ್ರತಿ ಅಂಕದ ಪಕ್ಕದಲ್ಲಿ ಇವೆಲ್ಲ ಲಾಗ್‌ನಲ್ಲಿ ಬೀಳುವ ಹಾಗೆ ಮಾಡಿ. ಹೀಗೆ ಮಾಡಿದರೂ ಅಂಕ ಎರಡು-ಮೂರು ಆಚೀಚೆ ಆಗಬಹುದು. ಆಗಲಿ, ಎಷ್ಟು ಆಚೀಚೆ ಆಗುತ್ತದೆ ಅಂತ ಅಳೆದು ದಾಖಲೆಯಲ್ಲಿ ಬರೆಯಿರಿ. ಲಾಗ್ ಕಡಿಮೆ ಅಂದರೂ ಆರು ತಿಂಗಳು ಇರಬೇಕು ಅಂತ ಕಾಯ್ದೆ ಹೇಳುತ್ತದೆ. ಇಲ್ಲಿಯತನಕ ಇಟ್ಟಿಲ್ಲವಾದರೆ ಇಂದಿನಿಂದ ಇಡಿ, ಹಿಂದಿನದನ್ನು ಈಗ ಕೂತು ಬರೆಯಲು ಹೋಗಬೇಡಿ. ಒಂದೇ ರಾತ್ರಿ ಕೂತು ವರ್ಷದ ಕಿರ್ದಿ ಬರೆದರೆ ಶಾಯಿ ನೋಡಿಯೇ ಗೊತ್ತಾಗುತ್ತದೆ ಅಂತ ಅಪ್ಪ ಹೇಳುತ್ತಿದ್ದರು. ಫೈಲ್‌ಗಳದ್ದೂ ಅದೇ ಕಥೆ.

ಆಮೇಲೆ ಒಂದೊಂದೇ ಬದಲಿಸಿ. ಅನುಭವ ಐದು ವರ್ಷ ಇದ್ದದ್ದನ್ನು ಎಂಟು ಮಾಡಿ, ಏರುತ್ತದಾ? ಡಚ್ ಹೆಸರಿನ ಜಾಗದಲ್ಲಿ ಮೊರೊಕ್ಕೊ ಅಥವಾ ಟರ್ಕಿ ಮೂಲದ ಹೆಸರು ಹಾಕಿ, ಅಲ್ಲಾಡಬಾರದು. ಹೆರಿಗೆಗೆ ಅಂತ ಒಂದು ವರ್ಷ ಬಿಟ್ಟದ್ದನ್ನು ತೆಗೆದು ನೋಡಿ. ಯಾವುದನ್ನು ತಳ್ಳಿದರೆ ಅಂಕ ಎತ್ತ ಓಡುತ್ತದೆ ಅಂತ ಒಂದು ಕೋಷ್ಟಕ ಆಗುತ್ತದಲ್ಲ, ನಿಮ್ಮ ಹತ್ತಿರ ಇರಬೇಕಾದ ವಿವರಣೆ ಅಲ್ಲಿಂದ ಶುರುವಾಗುತ್ತದೆ. ‘ನಮಗೇ ಗೊತ್ತಿಲ್ಲ’ ಅನ್ನುವುದು ‘ಇಷ್ಟು ಗೊತ್ತಿದೆ, ಇಷ್ಟು ಅಳೆದಿದ್ದೇವೆ’ ಅಂತ ಆಗುತ್ತದೆ.

ಗುಂಪಿನ ಲೆಕ್ಕವೂ ಬೇಕು. ಉದಾಹರಣೆಗೆ 200 ಗಂಡಸರಲ್ಲಿ 60 ಜನ ಪಟ್ಟಿಗೆ ಬಂದರು, ಅದು 30%. 100 ಹೆಂಗಸರಲ್ಲಿ 18 ಜನ ಬಂದರು, 18%. ಹದಿನೆಂಟನ್ನು ಮೂವತ್ತರಿಂದ ಭಾಗಿಸಿದರೆ 0.6. ಅಮೆರಿಕದಲ್ಲಿ 1978ರಿಂದ ಒಂದು ಅಂದಾಜಿನ ಲೆಕ್ಕ ಇದೆ, ಇದು 0.8ಕ್ಕಿಂತ ಕೆಳಗೆ ಹೋದರೆ ಏನೋ ಎಡವಟ್ಟಿದೆ, ನೋಡಿ ಅಂತ. ಯುರೋಪಿನ ಕಾಯ್ದೆಯಲ್ಲಿ ಇಂಥ ಒಂದೇ ಅಂಕಿ ಇಲ್ಲ, ಆದರೂ ಲೆಕ್ಕ ಹಾಕಿಟ್ಟುಕೊಂಡಿರುವುದು ಒಳ್ಳೆಯದು. ಅಭ್ಯರ್ಥಿಗಳ ಮಾಹಿತಿ ಕ್ಲೈಂಟ್ ಹತ್ತಿರ ಇರುವುದರಿಂದ ಈ ಲೆಕ್ಕ ಅವರ ಜೊತೆ ಕೂತೇ ಆಗಬೇಕು.

ಇನ್ನು “ಕೊನೆಗೆ ನಿರ್ಧಾರ ಮಾಡುವುದು ಮನುಷ್ಯರೇ” ಅನ್ನುವ ಮಾತು. ನಿಮ್ಮ ಶೀಟ್‌ನಲ್ಲೂ ಈ ಸಾಲು ಇದ್ದೇ ಇರುತ್ತದೆ. ನಾನು ಲಾಗ್‌ನಲ್ಲಿ ಎರಡೇ ನೋಡುತ್ತೇನೆ: ಒಂದು ರೆಸ್ಯೂಮೆ ಮುಂದೆ ನೇಮಕಾತಿ ಅಧಿಕಾರಿ ಎಷ್ಟು ಸೆಕೆಂಡ್ ಇದ್ದರು, ಯಂತ್ರ ಹೇಳಿದ್ದಕ್ಕೆ ವಿರುದ್ಧವಾಗಿ ಎಷ್ಟು ಸಲ ನಡೆದರು. ನಾಲ್ಕು ಸೆಕೆಂಡ್, ಸೊನ್ನೆ ಸಲ ಅಂತ ಬಂದರೆ ಅದು ಹೆಬ್ಬೆಟ್ಟು ಒತ್ತಿದ ಹಾಗೆ. ಜರ್ಮನಿಯ ಸಾಲದ ಅಂಕಗಳ ಕಂಪನಿಯೊಂದರ ಪ್ರಕರಣದಲ್ಲಿ ಯುರೋಪಿನ ನ್ಯಾಯಾಲಯ 2023ರ ಡಿಸೆಂಬರ್‌ನಲ್ಲೇ ಹೇಳಿಬಿಟ್ಟಿದೆ, ಬ್ಯಾಂಕ್ ಆ ಅಂಕವನ್ನೇ ಗಟ್ಟಿಯಾಗಿ ನಂಬಿ ನಡೆದರೆ ಅಂಕ ಕೊಡುವುದೇ ಯಂತ್ರ ಮಾಡಿದ ನಿರ್ಧಾರ ಅಂತ.

ಆ ನಾಲ್ಕು ಲಕ್ಷದ ಸರ್ಟಿಫಿಕೇಟ್ ವಿಷಯ ಬೇಗ ಮುಗಿಸುತ್ತೇನೆ. ನೇಮಕಾತಿ ಸಾಫ್ಟ್‌ವೇರ್‌ಗೆ ಯುರೋಪಿನ ಯಾವ ಸರ್ಕಾರವೂ ಹಾಗೆ ಸರ್ಟಿಫಿಕೇಟ್ ಕೊಡುವುದಿಲ್ಲ. ಪ್ರೊವೈಡರ್ ತಾನೇ ಒಳಗೆ ಪರಿಶೀಲಿಸಿ, ಘೋಷಣೆಗೆ ಸಹಿ ಹಾಕಿ, ಯುರೋಪಿನ ನಿಯಮಕ್ಕೆ ಸರಿಯಿದೆ ಅಂತ ಸೂಚಿಸುವ ಸಿಇ ಗುರುತು ಹಚ್ಚಿ, ಯುರೋಪಿನ ಡೇಟಾಬೇಸ್‌ನಲ್ಲಿ ನೋಂದಾಯಿಸಬೇಕು. ನಿಮ್ಮ ಕನ್ಸಲ್ಟೆಂಟ್ ಬಹುಶಃ ಐಎಸ್‌ಒ 42001 ಹೇಳುತ್ತಿರಬಹುದು. ಅದು 2023ರಲ್ಲಿ ಬಂದ ಒಳ್ಳೆಯ ಮಾನದಂಡವೇ, ಆದರೆ ನಿಮ್ಮ ಕಂಪನಿ ಎಐ ಕೆಲಸವನ್ನು ಹೇಗೆ ನಡೆಸುತ್ತದೆ ಅನ್ನುವುದಕ್ಕೆ ಅದು ಪತ್ರ, ಈ ಸಾಫ್ಟ್‌ವೇರ್ ಸರಿಯಾಗಿದೆ ಅನ್ನುವುದಕ್ಕೆ ಅಲ್ಲ. ಅದನ್ನೂ ಒಂದು ವಾರದಲ್ಲಿ ಕೊಡುವವರಿದ್ದರೆ ನನಗೆ ಅನುಮಾನ. ಇನ್ನೊಂದು, ದಾಖಲೆ ಬರೆದುಕೊಟ್ಟವರೇ ಆಡಿಟ್ ಮಾಡಿದೆ ಅಂತ ಸಹಿ ಹಾಕಬಾರದು. ನ್ಯೂಯಾರ್ಕ್ ನಗರದಲ್ಲಿ ನೇಮಕಾತಿ ಸಾಫ್ಟ್‌ವೇರ್‌ಗೆ ವರ್ಷಕ್ಕೊಮ್ಮೆ ಆಡಿಟ್ ಕಡ್ಡಾಯ, 2023ರ ಜುಲೈನಿಂದ ಜಾರಿ. ಸಾಫ್ಟ್‌ವೇರ್ ಮಾಡುವುದರಲ್ಲಿ ಕೈ ಹಾಕಿದವರು ಅಲ್ಲಿ ಆಡಿಟರ್ ಆಗುವ ಹಾಗಿಲ್ಲ. (ಆ ಕಾನೂನೂ ಏನು ಮಹಾ ನಡೆಯುತ್ತಿಲ್ಲ. ಸಂಶೋಧಕರು 391 ಕಂಪನಿಗಳನ್ನು ಹುಡುಕಿದಾಗ ಆಡಿಟ್ ವರದಿ ಹಾಕಿದ್ದವು 18 ಮಾತ್ರ.)

ಹಾಗಾದರೆ ಮಾಡುವುದೇನು? ನಿಮ್ಮ ಪಾಲುದಾರರ ದಾರಿ ಸುಲಭ, ಟಿಕ್ ಹಾಕಿ ಕಳಿಸುವುದು. ಆದರೆ ಆ ಶೀಟ್ ನಾಳೆ ಕರಾರಿಗೆ ಅಂಟಿಕೊಳ್ಳುತ್ತದೆ. ಇಲ್ಲದ ಲಾಗ್ ಇದೆ ಅಂದದ್ದು ಹೊರಬಿದ್ದರೆ ಕ್ಲೈಂಟ್ ನಿಮ್ಮ ಮೇಲೆ ತಿರುಗಿ ಬೀಳುತ್ತಾರೆ. ಅಲ್ಲಿನ ಅಧಿಕಾರಿಗಳಿಗೇ ತಪ್ಪು ಮಾಹಿತಿ ಹೋದರೆ ದಂಡ 75 ಲಕ್ಷ ಯೂರೊ ಅಥವಾ ವರ್ಷದ ವಹಿವಾಟಿನ 1%ವರೆಗೆ. ಸಣ್ಣ ಕಂಪನಿಗೆ ಎರಡರಲ್ಲಿ ಕಡಿಮೆಯಾದದ್ದು ಅನ್ನುವುದೊಂದೇ ಸಮಾಧಾನ.

ಇನ್ನೊಂದು ದಾರಿ, ಸಾಫ್ಟ್‌ವೇರ್‌ನ ಕೈ ಮೊಟಕು ಮಾಡುವುದು. ಅಂಕ ಬೇಡ, ಸಾಲು ಬೇಡ. ರೆಸ್ಯೂಮೆಯಿಂದ ಓದು, ಅನುಭವ, ಊರು ತೆಗೆದು ಕೋಷ್ಟಕಕ್ಕೆ ಹಾಕಿಕೊಡುವುದು ಅಷ್ಟೇ. ಇಂಥ ಚಿಕ್ಕ ಕೆಲಸಕ್ಕೆ ಕಾಯ್ದೆಯಲ್ಲಿ ವಿನಾಯಿತಿಯ ಬಾಗಿಲು ಇದೆ, ಯಾಕೆ ವಿನಾಯಿತಿ ಅಂತ ಬರೆದಿಡಬೇಕು. ಆದರೆ ವ್ಯಕ್ತಿಗಳನ್ನು ಅಳೆದು ಪ್ರೊಫೈಲ್ ಮಾಡುವ ಕೆಲಸ ಒಂದಿಷ್ಟು ಉಳಿದರೂ ಆ ಬಾಗಿಲು ಮುಚ್ಚುತ್ತದೆ. ಕ್ಲೈಂಟ್ ಕೂಡ ‘ಅಂಕ ಇಲ್ಲದಿದ್ದರೆ ನೀವ್ಯಾಕೆ’ ಅನ್ನಬಹುದು. ನೀವು ನನ್ನ ತಮ್ಮನಾಗಿದ್ದರೆ, ಆರು ತಿಂಗಳ ಮಟ್ಟಿಗೆ ಅಂಕ ನಿಲ್ಲಿಸಿ ಒಳಗಿನ ಲೆಕ್ಕ ಸರಿ ಮಾಡಿಕೋ ಅನ್ನುತ್ತಿದ್ದೆ. ವ್ಯಾಪಾರ ನಿಮ್ಮದು, ತೀರ್ಮಾನವೂ ನಿಮ್ಮದೇ.

ಮಧ್ಯದ ದಾರಿ, ಮೇಲೆ ಹೇಳಿದ 30 ರೆಸ್ಯೂಮೆ ಪರೀಕ್ಷೆಯನ್ನು ನೀವೇ ಮಾಡಿ, ಹೊರಗಿನವರನ್ನು ತಾರತಮ್ಯದ ಲೆಕ್ಕಕ್ಕೆ ಮಾತ್ರ ಕರೆಯುವುದು. ಖರ್ಚು ಕಡಿಮೆ. ಅಪಾಯ ಏನೆಂದರೆ, ಪರೀಕ್ಷೆಯಲ್ಲಿ ಕೆಟ್ಟದ್ದೇನಾದರೂ ಸಿಕ್ಕರೆ ಆಮೇಲೆ ಗೊತ್ತಿರಲಿಲ್ಲ ಅನ್ನುವ ಹಾಗಿಲ್ಲ, ಸರಿ ಮಾಡಲೇಬೇಕು. ಅದಕ್ಕೆ ಒಬ್ಬ ಹುಡುಗನ ಒಂದೆರಡು ತಿಂಗಳ ಸಂಬಳ ಎತ್ತಿಟ್ಟೇ ಶುರು ಮಾಡಿ.

ಊರಿನ ಚಾಟ್‌ಬಾಟ್ ಬಗ್ಗೆ ನೀವು ಏನೂ ಕೇಳಿಲ್ಲ, ಯುರೋಪಿನ ಗಾಬರಿಯಲ್ಲಿ ಅದು ಮರೆತೇಹೋಗಿದೆ. ನನಗೆ ಅದರದ್ದೇ ಜಾಸ್ತಿ ಚಿಂತೆ. ನಮ್ಮಲ್ಲಿ ಎಐಗೆ ಅಂತಲೇ ಪ್ರತ್ಯೇಕ ಕಾಯ್ದೆ ಇಲ್ಲ, ನಿಜ. ಆದರೆ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಇದೆ, ಅದರ ನಿಯಮಗಳು 2025ರ ನವೆಂಬರ್‌ನಲ್ಲಿ ಬಂದಿವೆ, ಮುಖ್ಯ ಹೊಣೆಗಳಿಗೆ 18 ತಿಂಗಳ ಸಮಯ ಕೊಟ್ಟಿದ್ದಾರೆ. ಸದಸ್ಯರ ಮಾಹಿತಿ ಯಾಕೆ ತೆಗೆದುಕೊಳ್ಳುತ್ತೀರಿ ಅನ್ನುವ ನೋಟಿಸ್ ಅವರು ಬಯಸಿದರೆ ಕನ್ನಡದಲ್ಲೇ ಸಿಗಬೇಕು. ಸಂಘದ ಸದಸ್ಯರು ಯಾರು? ಮೆಕ್ಕೆಜೋಳ, ಅಡಿಕೆ ಬೆಳೆಯುವವರು, ಪಿಂಚಣಿಯ ಹಿರಿಯರು. ರಾತ್ರಿ ಹತ್ತಕ್ಕೆ ವಾಟ್ಸ್‌ಆ್ಯಪ್‌ನಲ್ಲಿ ಉತ್ತರ ಬಂದರೆ ಸೆಕ್ರೆಟರಿ ಅವರೇ ಎದ್ದು ಕೂತು ಬರೆಯುತ್ತಿದ್ದಾರೆ ಅಂದುಕೊಳ್ಳುತ್ತಾರೆ. “ಬಡ್ಡಿ ಮನ್ನಾ ಆಗುತ್ತದಾ?” ಅಂತ ಕೇಳಿ, ಅದು “ಆಗಬಹುದು” ಅಂದರೆ ಕಂತು ಕಟ್ಟುವುದನ್ನೇ ನಿಲ್ಲಿಸುತ್ತಾರೆ. ಕೆನಡಾದಲ್ಲಿ ಏರ್ ಕೆನಡಾದ ಚಾಟ್‌ಬಾಟ್ ರಿಯಾಯಿತಿಯ ಬಗ್ಗೆ ತಪ್ಪು ಹೇಳಿತ್ತು. ಚಾಟ್‌ಬಾಟ್ ಹೇಳಿದ್ದಕ್ಕೆ ನಾವು ಹೊಣೆಯಲ್ಲ ಅನ್ನುವ ಧಾಟಿಯ ಕಂಪನಿಯ ವಾದವನ್ನು 2024ರ ಫೆಬ್ರವರಿಯಲ್ಲಿ ಅಲ್ಲಿನ ನ್ಯಾಯಮಂಡಳಿ ಒಪ್ಪಲಿಲ್ಲ, ದುಡ್ಡು ಕೊಡಿಸಿತು.

ಅಡಿಯಲ್ಲಿ ಸಣ್ಣ ಅಕ್ಷರದಲ್ಲಿ ‘ಎಐ ಚಾಲಿತ’ ಅಂತ ಬರೆದರೆ ಅದು ಯಾರಿಗೂ ಕಾಣುವುದಿಲ್ಲ, ಕಂಡರೂ ತಿಳಿಯುವುದಿಲ್ಲ. ಮೊದಲ ಮೆಸೇಜೇ ಹೀಗಿರಲಿ: “ನಮಸ್ಕಾರ. ನಾನು ಕಂಪ್ಯೂಟರ್, ಸಂಘದ ಸಿಬ್ಬಂದಿ ಅಲ್ಲ. ನಾನು ಹೇಳುವುದು ತಪ್ಪಿರಬಹುದು. ಸಾಲ, ಬಡ್ಡಿ, ಕಂತಿನ ವಿಷಯ ಕಚೇರಿಯಲ್ಲೇ ಕೇಳಿ. ಸಿಬ್ಬಂದಿ ಜೊತೆ ಮಾತಾಡಲು 1 ಒತ್ತಿ.” ಒಂದು ಒತ್ತಿದಾಗ ನಿಜವಾಗಿ ಯಾರಾದರೂ ಫೋನ್ ಎತ್ತಬೇಕು. ಅದನ್ನೂ ನಾನು ಆಡಿಟ್‌ನಲ್ಲಿ ಒತ್ತಿ ನೋಡುತ್ತೇನೆ, ಊಟದ ಹೊತ್ತಿನಲ್ಲಿ.

ನೆದರ್‌ಲ್ಯಾಂಡ್ಸ್‌ನ ಶೀಟ್‌ಗೆ ಬಂದರೆ, ಇದ್ದದ್ದಕ್ಕೆ ‘ಇದೆ’, ಇಲ್ಲದ್ದಕ್ಕೆ ‘ಇನ್ನೂ ಇಲ್ಲ’ ಅಂತ ಬರೆದು ಪಕ್ಕದಲ್ಲಿ ಯಾವ ತಿಂಗಳೊಳಗೆ ಆಗುತ್ತದೆ ಅಂತ ಹಾಕಿ. ಒಳಗಿನ ದೊಡ್ಡ ಮಾಡೆಲ್ ಬಗ್ಗೆ ಕೇಳಿದ ಕಡೆ ಆ ಕಂಪನಿಯವರು ಪ್ರಕಟಿಸಿರುವ ದಾಖಲೆ ಯಾವುದು ಅಂತ ತೋರಿಸಿ, ನಿಮಗೆ ಗೊತ್ತಿಲ್ಲದ್ದನ್ನು ನಿಮ್ಮ ಮಾತಾಗಿ ಬರೆಯಬೇಡಿ. ಕಳಿಸುವ ಮೊದಲು ಕರಾರಿನಲ್ಲಿ ನಷ್ಟ ತುಂಬಿಕೊಡುವ ಕಲಂ ಓದಿ. ಅದಕ್ಕೆ ಮೇಲ್ಮಿತಿ ಇಲ್ಲದಿದ್ದರೆ ಶೀಟ್ ಒಂದು ವಾರ ತಡವಾದರೂ ಪರವಾಗಿಲ್ಲ, ಮೊದಲು ವಕೀಲರನ್ನು ನೋಡಿ.